ನಂಬುವವರಿಗೂ ಒಂದು ಕುರ್ಚಿ: ಹಾಸನದಲ್ಲಿ ಪ್ರಶ್ನೆ ಕೇಳುವ ಕೂಟ ನಡೆಸಿದ ಅನುಭವ

ಹಾಸನದಲ್ಲಿ ನಾವು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸೇರುತ್ತೇವೆ. ಟ್ಯೂಷನ್ ಕೇಂದ್ರವೊಂದರ ಮಹಡಿಯ ಕೊಠಡಿ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಬೋರ್ಡು, ಕೊನೆಗೆ ಕಾಫಿ. ಬಸ್ ಕಂಡಕ್ಟರ್ ಬರುತ್ತಾರೆ, ಆಸ್ಪತ್ರೆಯ ನರ್ಸ್ ಬರುತ್ತಾರೆ, ಶುಂಠಿ ಮತ್ತು ಆಲೂಗಡ್ಡೆ ಬೆಳೆಯುವವರು, ಪದವಿ ಓದುವ ಹುಡುಗ ಹುಡುಗಿಯರು ಬರುತ್ತಾರೆ. ಊರಿನಲ್ಲಿ ಓಡಾಡುವ ಒಂದು ನಂಬಿಕೆಯನ್ನೋ, ಮೊಬೈಲಿನಲ್ಲಿ ಬಂದ ಔಷಧದ ಜಾಹೀರಾತನ್ನೋ ಎತ್ತಿಕೊಂಡು, ಇದು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ ಎಂದು ಕೇಳಿಕೊಳ್ಳುವುದು ನಮ್ಮ ಕೆಲಸ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕೂಟವನ್ನು ಕರೆಯುವುದು, ಕೊಠಡಿ ಹೊಂದಿಸುವುದು, ಮಾತನಾಡುವವರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂದಿವೆ.

ಇದರ ಬೀಜ ಬೆಂಗಳೂರಿನದು. ಓದುವ ದಿನಗಳಲ್ಲಿ ನ್ಯಾಷನಲ್ ಕಾಲೇಜಿನ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಹೋಗುತ್ತಿದ್ದೆ. 1962ರಲ್ಲಿ ಶುರುವಾದ ಆ ವೇದಿಕೆಯ ಹಿಂದಿದ್ದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದವರೂ ಅವರೇ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ನಮ್ಮ ಸಂವಿಧಾನಕ್ಕೆ ಸೇರಿಸಿದ್ದೂ ಅದೇ ವರ್ಷ, 42ನೇ ತಿದ್ದುಪಡಿಯಲ್ಲಿ. ಹಾಸನಕ್ಕೆ ಕೆಲಸದ ಮೇಲೆ ಬಂದ ಮೇಲೆ ಅಂಥದ್ದೊಂದು ಜಾಗ ಇಲ್ಲಿಯೂ ಬೇಕು ಎನ್ನಿಸಿತು. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇರುವ ಊರು ಇದು. ಆಕಾಶದ ಎಷ್ಟೋ ಉಪಗ್ರಹಗಳನ್ನು ಇಲ್ಲಿಂದ ನಡೆಸುತ್ತಾರೆ. ಇಲ್ಲಿ ಪ್ರಶ್ನೆ ಕೇಳಲು ಒಂದು ಕೊಠಡಿ ಇಲ್ಲವೆಂದರೆ ಹೇಗೆ?

ಆದರೆ ಮೊದಲಿನಿಂದಲೂ ನಾನು ಒಂದು ಪಟ್ಟು ಹಿಡಿದಿದ್ದೇನೆ. ಯಾವ ನಂಬಿಕೆಯ ಬಗ್ಗೆ ಮಾತನಾಡುತ್ತೇವೋ ಅದನ್ನು ನಂಬುವವರು ಕೊಠಡಿಯಲ್ಲಿ ಇರಲೇಬೇಕು. ಒಪ್ಪುವವರು ಒಪ್ಪುವವರಿಗೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿಕೊಳ್ಳುವ ಸಭೆಗಳು ಬೇಕಾದಷ್ಟಿವೆ. ಅಲ್ಲಿಂದ ಎದ್ದು ಹೋಗುವವರು ಬಂದಾಗ ಹೇಗಿದ್ದರೋ ಹಾಗೆಯೇ ಹೋಗುತ್ತಾರೆ. ನಂಬುವವರು ಎದುರಿಗೆ ಕುಳಿತಾಗ ಮಾತಿನ ಹದವೇ ಬೇರೆಯಾಗುತ್ತದೆ. ಹಗುರ ಮಾತು ಬಾಯಿಗೆ ಬರುವುದಿಲ್ಲ, ಅರೆಬರೆ ತಿಳಿದದ್ದನ್ನು ಹೇಳಿ ದಾಟಿಕೊಳ್ಳಲಾಗುವುದಿಲ್ಲ.

ವಿಷಯ ಆರಿಸುವಾಗ ದೆವ್ವ ಭೂತಗಳ ಕಡೆಗೆ ನಾನು ಬೇಗ ಹೋಗುವುದಿಲ್ಲ. ಯಾವುದರಿಂದ ಜನರ ದುಡ್ಡು ಹೋಗುತ್ತಿದೆ, ಯಾವುದರಿಂದ ಜೀವ ಹೋಗುತ್ತಿದೆ ಎಂದು ಮೊದಲು ನೋಡುತ್ತೇನೆ. ಹಾಗೆ ನೋಡಿದರೆ ನಮ್ಮ ಜಿಲ್ಲೆಯಲ್ಲಿ ಮುಂದೆ ನಿಲ್ಲುವುದು ಬೋರ್‌ವೆಲ್. ಅರಸೀಕೆರೆ ಕಡೆಯ ತೆಂಗಿನ ತೋಟದವರನ್ನು ಕೇಳಿ, ಯಾರ ಮನೆಯಲ್ಲಿಯೂ ನೀರು ಬೀಳದ ಬೋರಿನ ಕಥೆ ಇದ್ದೇ ಇರುತ್ತದೆ. ಸಾಲ ಮಾಡಿ ಕೊರೆಸುವ ಮೊದಲು ಬಹುಪಾಲು ಜನ ಪಾಯಿಂಟ್ ಮಾಡುವವರನ್ನು, ಅಂದರೆ ನೀರಿರುವ ಜಾಗ ಗುರುತಿಸುವವರನ್ನು, ಕರೆಸುತ್ತಾರೆ. ಅಂಗೈಯ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಅಡ್ಡಾಡುತ್ತಾರೆ, ಸೆಲೆ ಇರುವಲ್ಲಿ ಕಾಯಿ ತಾನಾಗಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ ಎಂಬುದು ನಂಬಿಕೆ. ಕೆಲವರು ಕವಲುಕಡ್ಡಿ ಹಿಡಿಯುತ್ತಾರೆ.

ಹೀಗೆ ನೀರು ನೋಡುವ ಅಜ್ಜ ಒಬ್ಬರನ್ನು ನಮ್ಮ ಕೂಟಕ್ಕೆ ಬರುವ ರೈತರೊಬ್ಬರು ಕರೆತಂದರು. ಪ್ರಾಮಾಣಿಕ ಮನುಷ್ಯ. ಬಡವರ ಹೊಲಕ್ಕೆ ಹೋದರೆ ಕಾಸು ಮುಟ್ಟುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಪರೀಕ್ಷೆ ಮಾಡೋಣವೇ ಎಂದಾಗ ಅವರು ಹಿಂಜರಿಯಲಿಲ್ಲ. ನಾನು ಮುಚ್ಚಿದ ಬಿಂದಿಗೆಗಳನ್ನು ಇಡುವ ಯೋಚನೆಯಲ್ಲಿದ್ದೆ. "ನಿಂತ ನೀರಿಗೆ ಕಾಯಿ ಏಳುವುದಿಲ್ಲ ಟೀಚರಮ್ಮ, ಹರಿಯುವ ನೀರೇ ಆಗಬೇಕು" ಎಂದರು. ನ್ಯಾಯವಾದ ಮಾತು. ಪರೀಕ್ಷೆಯ ಷರತ್ತನ್ನು ನಂಬುವವರೇ ಒಪ್ಪಿರಬೇಕು, ಇಲ್ಲದಿದ್ದರೆ ಫಲಿತಾಂಶ ಬಂದ ಮೇಲೆ ಜಗಳವಷ್ಟೇ ಉಳಿಯುತ್ತದೆ. ಆದ್ದರಿಂದ ಅವರೂ ನಾವೂ ಕುಳಿತು, ಏನು ಮಾಡುತ್ತೇವೆ, ಏನಾದರೆ ಗೆದ್ದಂತೆ, ಏನಾದರೆ ಸೋತಂತೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ತೋಟದ ಬಯಲಿನಲ್ಲಿ ಐದು ಪೈಪುಗಳನ್ನು ಒಂದರಿಂದ ಒಂದಕ್ಕೆ ಸಾಕಷ್ಟು ದೂರದಲ್ಲಿ ಹಾಸಿ, ಮೇಲೆ ತೆಂಗಿನ ನಾರಿನ ಪುಡಿ ಮುಚ್ಚಿದೆವು. ಪಂಪ್ ಮನೆಯೊಳಗೆ ಐದು ಗೇಟ್ ವಾಲ್ವ್. ಒಳಗಿದ್ದ ಹುಡುಗಿ ಚೀಟಿ ಎತ್ತಿ, ಯಾವ ಸಂಖ್ಯೆ ಬಂತೋ ಆ ಪೈಪಿಗೆ ಮಾತ್ರ ನೀರು ಬಿಡುತ್ತಾಳೆ. ಅಜ್ಜನ ಜೊತೆ ನಡೆಯುತ್ತಾ ಉತ್ತರ ಬರೆದುಕೊಳ್ಳುವವರಿಗೆ ಆ ಸಂಖ್ಯೆ ಗೊತ್ತಿರುವುದಿಲ್ಲ. ಇದು ಬಹಳ ಮುಖ್ಯ. ಗೊತ್ತಿರುವವರು ಪಕ್ಕದಲ್ಲಿದ್ದರೆ ಅವರ ಹೆಜ್ಜೆ ಒಂದು ಕ್ಷಣ ನಿಧಾನವಾದರೂ ಸಾಕು, ಸುಳಿವು ಸಿಕ್ಕಿಬಿಡುತ್ತದೆ. ಪೈಪಿನಲ್ಲಿ ನೀರು ಹರಿಯುವಾಗ ಸಣ್ಣಗೆ ಸದ್ದು ಬರುತ್ತಿದೆ ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಕಿವಿಗೊಟ್ಟು ಹೇಳಿದ. ಪಕ್ಕದಲ್ಲಿ ಪವರ್ ಟಿಲ್ಲರ್ ಚಾಲೂ ಮಾಡಿ ನಿಲ್ಲಿಸಿದೆವು.

ಮೊದಲು ಅಜ್ಜನಿಗೆ ಗೊತ್ತಿರುವಂತೆಯೇ ನೀರು ಬಿಟ್ಟೆವು. ಆ ಪೈಪಿನ ಮೇಲೆ ಬಂದೊಡನೆ ಕಾಯಿ ಎದ್ದು ನಿಂತಿತು. ಒಂದಲ್ಲ, ಪ್ರತಿ ಸಲವೂ. ನಾನು ಎರಡಡಿ ದೂರದಲ್ಲಿದ್ದೆ. ಅವರು ಬೆರಳಿನಿಂದ ತಳ್ಳಲಿಲ್ಲ, ಅದನ್ನು ಆಣೆಯಿಟ್ಟು ಹೇಳುತ್ತೇನೆ. ಆಮೇಲೆ ಚೀಟಿ ಎತ್ತುವ ಸುತ್ತುಗಳು ಶುರುವಾದವು. ಕಾಯಿ ಆಗಲೂ ಏಳುತ್ತಿತ್ತು, ಆದರೆ ನೀರಿಲ್ಲದ ಪೈಪಿನ ಮೇಲೂ ಅಷ್ಟೇ ಗಟ್ಟಿಯಾಗಿ ಏಳುತ್ತಿತ್ತು. ಕಣ್ಣು ಮುಚ್ಚಿ ಆರಿಸಿದರೂ ಐದರಲ್ಲಿ ಒಂದು ಸರಿಯಾಗಬೇಕಲ್ಲ, ಅದರ ಆಸುಪಾಸಿನಲ್ಲಿಯೇ ಲೆಕ್ಕ ನಿಂತಿತು.

ಕಾಯಿಯನ್ನು ಎಬ್ಬಿಸುವುದು ಹಿಡಿದವರ ಸ್ನಾಯುಗಳೇ, ಅವರಿಗೇ ಅರಿವಿಲ್ಲದಂತೆ. ಮನಸ್ಸು ಇಲ್ಲಿ ಆಗಬೇಕು ಎಂದುಕೊಂಡ ಕಡೆ ಕೈ ಕಾಣದಷ್ಟು ಅಲುಗುತ್ತದೆ. 1852ರಲ್ಲಿಯೇ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ ಇದನ್ನು ವಿವರಿಸಿದ್ದರು. 1990ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ನೀರು ನೋಡುವ ಮೂವತ್ತು ಮಂದಿಯನ್ನು ಇಟ್ಟುಕೊಂಡು, ನೆಲದೊಳಗೆ ಹೂತ ಪೈಪಿನಿಂದ ಇಂಥದೇ ಪರೀಕ್ಷೆಯನ್ನು ಇನ್ನೂ ಬಿಗಿಯಾಗಿ ಮಾಡಿದ್ದರು. ಅಲ್ಲಿಯೂ ಆಕಸ್ಮಿಕಕ್ಕಿಂತ ಹೆಚ್ಚಿನದೇನೂ ಸಿಗಲಿಲ್ಲ. ಇವನ್ನೆಲ್ಲ ನಾನು ಅಜ್ಜನಿಗೆ ಹೇಳಿದ್ದು ಊಟವಾದ ಮೇಲೆ, ಚಾಪೆಯ ಮೇಲೆ ಕುಳಿತು. ಅವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹಾಗಾದರೆ ಇಷ್ಟು ಹೊಲಗಳಲ್ಲಿ ನೀರು ಬಿದ್ದದ್ದು?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡದೆ ಏಳುವ ಕೂಟ ಕೂಟವೇ ಅಲ್ಲ. ನಮ್ಮದು ಗಟ್ಟಿ ಬಂಡೆಯ ನಾಡು. ನೀರು ಮೇಲಿನ ಸವೆದ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಇರುತ್ತದೆ. ಆಳಕ್ಕೆ ಕೊರೆದರೆ ಯಾವುದಾದರೊಂದು ಬಿರುಕು ಸಿಗುವ ಸಾಧ್ಯತೆ ಎಷ್ಟೋ ಕಡೆ ಇದ್ದೇ ಇದೆ. ನೀರು ಬಿದ್ದ ಬೋರಿಗೆ ಪೂಜೆಯಾಗುತ್ತದೆ, ಊರಿಗೆಲ್ಲ ಸುದ್ದಿಯಾಗುತ್ತದೆ. ಬೀಳದ ಬೋರಿನ ಮಾತನ್ನು ಯಜಮಾನ ನುಂಗಿಕೊಂಡು ಸುಮ್ಮನಾಗುತ್ತಾನೆ. ಜೊತೆಗೆ ಹಳ್ಳದ ದಿಕ್ಕು, ಹುತ್ತ, ಅತ್ತಿಮರ, ನೆಲದ ಇಳಿಜಾರು, ಅಕ್ಕಪಕ್ಕದ ಬೋರುಗಳ ಆಳ ಇವನ್ನೆಲ್ಲ ಅಜ್ಜ ಆಯುಷ್ಯಪೂರ್ತಿ ಗಮನಿಸಿದವರು. ಅವುಗಳಲ್ಲಿ ಕೆಲವು ನಿಜಕ್ಕೂ ನೆರವಾಗಿರಬಹುದು, ಕೆಲವು ಆಗಿರಲಾರವು. ಹಾಗೆಂದು ಹೇಳಿದೆ.

ಹಾವು ಕಡಿತದ ಕೂಟಕ್ಕೂ ಇದೇ ಕ್ರಮ. ಸಕಲೇಶಪುರದ ಕಡೆ ಕಾಫಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಬಂದಿದ್ದರು, ಮಂತ್ರ ಹಾಕುವವರೊಬ್ಬರೂ ಬಂದಿದ್ದರು. ಮಾತನಾಡಿದ್ದು ತುರ್ತು ಚಿಕಿತ್ಸಾ ವಿಭಾಗದ ನರ್ಸ್. ಮಂತ್ರ ಹಾಕಿಸಿಕೊಂಡು ಬದುಕಿದವರಿದ್ದಾರೆ ಎಂದು ಅವರು ಮೊದಲೇ ಒಪ್ಪಿಕೊಂಡರು, ಸಭೆ ಹಗುರವಾಯಿತು. ಏಕೆ ಬದುಕಿದರು ಎಂಬುದು ಆಮೇಲೆ ಬಂತು: ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಒಂದೇ ಚುಚ್ಚುಮದ್ದು ಇದೆ. ಕಟ್ಟಬಾರದು, ಕೊಯ್ಯಬಾರದು, ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಕರೆದೊಯ್ಯಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಹಾವು ಕಚ್ಚಿದವರಿಗೆ ಚಿಕಿತ್ಸೆ ಸಿಗದಂತೆ ತಡೆದು ಮಂತ್ರಕ್ಕೆ ಒಪ್ಪಿಸುವುದು 2017ರ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆಯ ಹೆಸರನ್ನು ನಾವು ಆ ದಿನ ಬೆದರಿಕೆಯಂತೆ ಬಳಸಲಿಲ್ಲ. ಮಂತ್ರ ಹಾಕುವವರು ಆಂಬುಲೆನ್ಸ್ ಸಂಖ್ಯೆ 108 ಅನ್ನು ತಮ್ಮ ಬಾಗಿಲ ಮೇಲೆ ಬರೆಸುತ್ತೇನೆ, ಬಂದವರನ್ನು ಮೊದಲು ಅತ್ತ ಕಳಿಸುತ್ತೇನೆ ಎಂದರು. ನನಗೆ ಅಷ್ಟು ಸಾಕು.

ದೀಪಾವಳಿ ಹತ್ತಿರವಾದಂತೆ ಹಾಸನಾಂಬೆಯ ಪ್ರಶ್ನೆ ಬಂದೇ ಬರುತ್ತದೆ. ಗರ್ಭಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೆ ಆರುವುದಿಲ್ಲ, ಹೂವು ಬಾಡುವುದಿಲ್ಲ ಎಂಬುದು ಜನರ ನಂಬಿಕೆ. ಗುಡಿಯ ಮುಂದೆ ಹೋಗಿ ಸವಾಲು ಹಾಕೋಣ ಎಂದು ಕೆಲವು ಹುಡುಗರು ಎದ್ದರು. ನಾನು ಒಪ್ಪಲಿಲ್ಲ. ಮನೆಯಲ್ಲಿ ಒಂಟಿ ಬತ್ತಿಯ ಹಣತೆ ಹಚ್ಚಿ, ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ತೂಗಿಕೊಂಡು ಬನ್ನಿ ಎಂದೆ. ವರ್ಷಕ್ಕೆ 8,760 ಗಂಟೆ. ಗಂಟೆಗೆ ಮೂರೇ ಗ್ರಾಂ ಎಂದಿಟ್ಟುಕೊಂಡರೂ 26 ಕಿಲೋ ದಾಟುತ್ತದೆ. ಗಾಳಿ ಬೇಕು, ಬತ್ತಿಯ ಕರಿ ತೆಗೆಯಬೇಕು. ಬೋರ್ಡಿನ ಮೇಲೆ ಈ ಲೆಕ್ಕ ಬಿದ್ದ ಮೇಲೆ ಹುಡುಗರಿಗೆ ಏನು ಕೇಳಬೇಕೆಂಬುದು ತಾನಾಗಿಯೇ ತಿಳಿಯಿತು: ದೀಪದಲ್ಲಿ ಎಷ್ಟು ಎಣ್ಣೆ ಹಿಡಿಯುತ್ತದೆ, ಬಾಗಿಲು ಮುಚ್ಚುವಾಗ ಅದನ್ನು ಅಳೆದವರು ಯಾರು, ತೆರೆಯುವಾಗ ಮೊದಲು ಒಳಗೆ ಹೋಗುವವರು ಯಾರು. ಪ್ರತಿ ವರ್ಷ ಸಾಲಿನಲ್ಲಿ ನಿಂತು ದರ್ಶನ ಪಡೆಯುವ ಹಿರಿಯರೊಬ್ಬರು, "ನನ್ನ ಭಕ್ತಿ ಆ ದೀಪದ ಮೇಲೆ ನಿಂತಿಲ್ಲ, ಲೆಕ್ಕ ಹಾಕಿಕೊಳ್ಳಿ" ಎಂದರು. ಆ ಮಾತಿನ ಘನತೆಗೆ ನಾನು ತಲೆಬಾಗುತ್ತೇನೆ. ದೇವರ ಇರವನ್ನು ನಮ್ಮ ಕೂಟ ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಅಳೆಯಬಹುದಾದ ಮಾತು ಬಂದರೆ ಬಿಡುವುದೂ ಇಲ್ಲ.

ಉಪನ್ಯಾಸದ ನಿಯಮಗಳು ಕೆಲವೇ. ಮಾತು ಅರ್ಧ ಗಂಟೆ ಮೀರಬಾರದು. ತಮ್ಮ ಅಭಿಪ್ರಾಯ ಬದಲಾಗಬೇಕಾದರೆ ಎಂಥ ಪುರಾವೆ ಬೇಕು ಎಂದು ಮಾತನಾಡುವವರು ಹೇಳಲೇಬೇಕು. ಮೊದಲ ಪ್ರಶ್ನೆ ಹಿಂದಿನ ಸಾಲಿಗೆ ಸೇರಿದ್ದು. ಯಾರ ದೇವರನ್ನೂ, ಯಾರ ಮನೆಯ ಆಚರಣೆಯನ್ನೂ ಹಂಗಿಸಿದರೆ ಸಭೆ ಅಲ್ಲಿಗೇ ನಿಲ್ಲುತ್ತದೆ. ಕುರ್ಚಿ ಸುತ್ತಲೂ ಹಾಕುತ್ತೇವೆ. ಒಂದು ಮಾತನ್ನಂತೂ ಅನುಭವದಿಂದ ಹೇಳಬಲ್ಲೆ: ಸಭೆಯಲ್ಲಿ ಬಾಯಿ ಬಿಡದವರು ಕಾಫಿ ಲೋಟ ಕೈಗೆ ಬಂದ ಮೇಲೆ ಮಾತನಾಡುತ್ತಾರೆ. ಮಗಳ ಜಾತಕದಲ್ಲಿ ದೋಷವಿದೆಯೆಂದು ಸಂಬಂಧಗಳು ತಪ್ಪಿಹೋಗುತ್ತಿವೆ ಎಂದು ತಾಯಿಯೊಬ್ಬರು ಹೇಳಿಕೊಂಡದ್ದು ಲೋಟ ತೊಳೆಯುವ ಸಿಂಕಿನ ಬಳಿ. ಅದಕ್ಕೇ ಕಾಫಿಗೆ ಮುಕ್ಕಾಲು ಗಂಟೆ ಮೀಸಲು, ಮನೆಗಳಿಂದ ಬರುವ ಕೋಡುಬಳೆ, ಅಕ್ಕಿರೊಟ್ಟಿಗೂ ಅಷ್ಟೇ ಗೌರವ.

ಊಟದ ವಿಷಯದಲ್ಲಿ 2025ರ ಸೆಪ್ಟೆಂಬರ್ 7ರ ರಾತ್ರಿಯನ್ನು ಹೇಳದೆ ಇರಲಾರೆ. ಪೂರ್ಣ ಚಂದ್ರಗ್ರಹಣ. ರಾತ್ರಿ 11ರಿಂದ 12.22ರವರೆಗೆ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿ. ಸದಸ್ಯರೊಬ್ಬರ ತಾರಸಿಯ ಮೇಲೆ ಸೇರಿದೆವು, ಉಪ್ಪಿಟ್ಟು ಮಾಡಿದ್ದೆವು. ಮೋಡ ಸರಿದಾಗಲೆಲ್ಲ ತಾಮ್ರದ ಬಣ್ಣದ ಚಂದ್ರ ಕಾಣುತ್ತಿದ್ದ. ಭೂಮಿಯ ವಾತಾವರಣದಲ್ಲಿ ಬಾಗಿ ಹೋದ ಕೆಂಪು ಬೆಳಕು ಅವನ ಮೇಲೆ ಬೀಳುವುದರಿಂದ ಆ ಬಣ್ಣ. ಎಂಟು ತಿಂಗಳ ಬಸುರಿ ಸೊಸೆಯನ್ನು ಕರೆದುಕೊಂಡು ಅತ್ತೆಯೊಬ್ಬರು ಬಂದಿದ್ದರು. ಸೊಸೆಗೆ ಹಸಿವು, ಅತ್ತೆಗೆ ಹೆದರಿಕೆ. ಬಸುರಿಯರು ಮತ್ತು ಸಕ್ಕರೆ ಕಾಯಿಲೆಯವರು ಗಂಟೆಗಟ್ಟಲೆ ಹಸಿದಿದ್ದರೆ ಆಗುವ ತೊಂದರೆಯನ್ನು ನಮ್ಮ ನರ್ಸ್ ಅತ್ತೆಗೇ ವಿವರಿಸಿದರು, ಸೊಸೆಗಲ್ಲ. ಮನೆಯಲ್ಲಿ ತೀರ್ಮಾನ ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ತಟ್ಟೆಗೆ ಒಂದು ಎಳೆ ದರ್ಭೆ ಇಟ್ಟು, ತಾವೇ ಬಡಿಸಿ ಕೊಟ್ಟರು. ತಾವು ತಿನ್ನಲಿಲ್ಲ. ಯಾರೂ ಅವರನ್ನು ಒತ್ತಾಯಿಸಲಿಲ್ಲ.

ಅಡ್ಡಿಗಳೂ ಬಂದಿವೆ. 2013ರಲ್ಲಿ ಮೂಢನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರ, 2015ರಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಹತ್ಯೆಗಳನ್ನು ಕಂಡ ನಾಡಿನಲ್ಲಿ ತಂದೆತಾಯಿಗೆ ಭಯವಿರುವುದು ಸಹಜ. ಸಭಾಂಗಣವೊಂದರವರು ಒಪ್ಪಿ, ಹಿಂದಿನ ದಿನ ಆಗುವುದಿಲ್ಲ ಎಂದಿದ್ದೂ ಉಂಟು. ಆಗ ತೋಟದ ಕಣದಲ್ಲಿ ಸೇರಿದೆವು, ಬಂದವರು ಹೆಚ್ಚೇ ಆದರು. ಮಕ್ಕಳ ಜೊತೆ ಪೋಷಕರೂ ಬರಬೇಕು ಎಂದು ಈಗ ನಿಯಮ ಮಾಡಿದ್ದೇವೆ.

ಇತ್ತೀಚೆಗೆ ಕಡೂರಿನಿಂದ ಬಂದ ಶಿಕ್ಷಕರು ತಮ್ಮಲ್ಲಿಯೂ ಕೂಟ ಶುರುಮಾಡಲು ಮೊದಲು ಏನು ಬೇಕು ಎಂದು ಕೇಳಿದರು. ಒಂದು ದಪ್ಪ ನೋಟ್‌ಬುಕ್ ಬೇಕು ಎಂದೆ. ಪೈಪಿನ ಪರೀಕ್ಷೆಯಾದ ಮೇಲೆ ನಾವು ಬೋರ್‌ವೆಲ್ ದಾಖಲೆ ಬರೆಯುತ್ತಿದ್ದೇವೆ: ಯಾವ ಊರು, ಪಾಯಿಂಟ್ ಮಾಡಿದ್ದು ಕಾಯಿಯಿಂದಲೋ ಭೂವಿಜ್ಞಾನಿಯ ಯಂತ್ರದಿಂದಲೋ ಸುಮ್ಮನೆ ಅಂದಾಜಿನಿಂದಲೋ, ಎಷ್ಟು ಅಡಿ, ಎಷ್ಟು ಇಂಚು ನೀರು, ಎರಡು ಬೇಸಿಗೆ ಕಳೆದ ಮೇಲೆ ಎಷ್ಟು ಉಳಿಯಿತು. ಬೀಳದ ಬೋರನ್ನು ಬಿಡದೆ ಬರೆಯಬೇಕು, ಮತ್ತು ಕೊರೆಯುವ ಮೊದಲೇ ಹೆಸರು ದಾಖಲಾಗಬೇಕು, ಇಲ್ಲದಿದ್ದರೆ ಸೋತವು ಜಾರಿಹೋಗುತ್ತವೆ. ನೀರು ನೋಡುವ ಅಜ್ಜ ಕಾಯಿ ಹಿಡಿಯುವುದನ್ನು ಬಿಟ್ಟಿಲ್ಲ. ಆದರೆ ಈಗ ಹೊಲಕ್ಕೆ ಹೋದಾಗಲೆಲ್ಲ ರಿಗ್ ಬರುವ ಮೊದಲು ನಮ್ಮ ಹುಡುಗಿಗೆ ಫೋನ್ ಮಾಡಿ, ಜಾಗದ ವಿವರ ಬರೆಸುತ್ತಾರೆ. ಕಡೂರಿನವರು ಅಂಕಣಗಳನ್ನು ನಕಲು ಮಾಡಿಕೊಂಡು ಹೋಗಿದ್ದಾರೆ, ಅಡಿಕೆ ತೋಟಕ್ಕೆ ಇನ್ನೊಂದು ಅಂಕಣ ಸೇರಿಸುತ್ತಾರಂತೆ.