ಬಲಗಡೆ ಲೇನ್‌ಗಾಗಿ

ಶಿರಸಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್. ಟೂ-ಸ್ಟ್ರೋಕ್ ಕ್ಲಾಸ್‌ಗೆ ಅಂತ ಹಳೇ ಯಮಹಾ ಆರ್‌ಎಕ್ಸ್ 135 ಬೈಕ್ ಒಂದನ್ನು ನಾನೇ ರೆಡಿ ಮಾಡಿದ್ದೇನೆ. ಮೊದಲ ಡ್ರ್ಯಾಗ್ ರೇಸ್ (ಇಬ್ಬರಿಬ್ಬರು ಅಕ್ಕಪಕ್ಕದ ಲೇನಿನಲ್ಲಿ ನೇರಕ್ಕೆ ಓಡುವ ರೇಸ್) ಓಡಿದ್ದು ಹೊರರಾಜ್ಯದ ಕರಾವಳಿಯ ಒಂದು ಏರ್‌ಸ್ಟ್ರಿಪ್‌ನಲ್ಲಿ. ರೇಸಿಗೆ ಮುಂಚೆ ಟೈಮ್ ನೋಡಿ ಜಾಗ ಕೊಡುವ ಓಟವೇ ಕ್ವಾಲಿಫೈಯಿಂಗ್. ಮೊದಲ ಎಂಟರೊಳಗೆ ಬಂದರೆ ಸಾಕು, ಇಂಜಿನ್ ಉಳಿಯಲಿ ಅಂತ ಕ್ವಾಲಿಫೈಯಿಂಗ್‌ನಲ್ಲಿ ಕೈ ತಡೆದೆ. 5ನೇ ಜಾಗ ಸಿಕ್ಕಿತು.

ಆಮೇಲೆ ಪಟ್ಟಿ ನೋಡಿದೆ. 1ನೆಯವನಿಗೆ ಎದುರು 8ನೆಯವನು, 2ಕ್ಕೆ 7, 3ಕ್ಕೆ 6, 4ಕ್ಕೆ 5. ಅಂದರೆ ನನಗೆ ಸಿಕ್ಕಿದವನು ಹೆಚ್ಚುಕಡಿಮೆ ನನ್ನಷ್ಟೇ ಜೋರು. ಕ್ವಾಲಿಫೈಯಿಂಗ್‌ನಲ್ಲಿ ನನಗಿಂತ ಮುಂದಿದ್ದದ್ದರಿಂದ ಲೇನ್ ಆರಿಸುವುದೂ ಅವನೇ. ಅವನು ಬಲಗಡೆ ಅಂದ. ಬೆಳಿಗ್ಗೆ ಎರಡೂ ಲೇನ್ ನಡೆದು ನೋಡಿದ್ದೆ. ಬಲಗಡೆ ಕೈ ಇಟ್ಟರೆ ರಬ್ಬರಿನ ಜಿಗುಟು, ಎಡಗಡೆ ಇಟ್ಟರೆ ಅಂಗೈ ತುಂಬ ಸಣ್ಣ ಮರಳು. ಕ್ಲಚ್ ಬಿಟ್ಟೆ, ಹಿಂದಿನ ಚಕ್ರ ನಿಂತಲ್ಲೇ ತಿರುಗಿತು. 402 ಮೀಟರಿನ ಓಟದಲ್ಲಿ ಅದನ್ನು ಸರಿ ಮಾಡಿಕೊಳ್ಳಲು ಸಮಯ ಎಲ್ಲಿ?

ಮುಂದಿನ ಸಲ ಕ್ವಾಲಿಫೈಯಿಂಗ್‌ಗೇ ತಯಾರಾದೆ. ಶಿರಸಿ ಸುಮಾರು 600 ಮೀಟರ್ ಎತ್ತರದ ಊರು. ಇಲ್ಲಿ ಹದವಾಗಿದ್ದ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಹಾಕಿಕೊಂಡು ದೇವಿಮನೆ ಘಟ್ಟ ಇಳಿದೆ. ಕುಮಟಾದಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗೆ! ಕೆಳಗೆ ಗಾಳಿ ದಟ್ಟ, ಪೆಟ್ರೋಲ್ ಸಾಲುತ್ತಿರಲಿಲ್ಲ. ಮೇನ್ ಜೆಟ್ ಒಂದೊಂದೇ ನಂಬರ್ ಏರಿಸಿ, ಪ್ಲಗ್ ಕಾಫಿಪುಡಿ ಬಣ್ಣಕ್ಕೆ ಬರುವವರೆಗೆ ಬಿಡಲಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಟೈಮ್ ಶುರುವಾಗುವುದು ಹಸಿರು ದೀಪಕ್ಕಲ್ಲ, ಮುಂದಿನ ಚಕ್ರ ಶುರುವಿನ ಗೆರೆಯ ಬೀಮ್ (ಬೆಳಕಿನ ಕಿರಣ) ದಾಟಿದಾಗ. ಹಾಗಾಗಿ ಕ್ವಾಲಿಫೈಯಿಂಗ್‌ನಲ್ಲಿ ದೀಪಕ್ಕೆ ಮುಂಚೆ ಹಾರುವ ಗಡಿಬಿಡಿ ಬೇಡ. ಹಸಿರು ಬಿತ್ತು, ಆರ್‌ಪಿಎಂ ಸರಿಯಾಗಿ ಕೂರಲಿ ಅಂತ ಕಾದೆ, ಆಮೇಲೆ ಬಿಟ್ಟೆ. ಆ ಸಲ ನಾನೇ ಮೊದಲು.

ನನ್ನನ್ನೂ ಸೇರಿಸಿ ಉಳಿದದ್ದು ಏಳು ಜನ, ಮೊದಲ ಸುತ್ತಿನಲ್ಲಿ ನನಗೆ ಬೈ, ಅಂದರೆ ಎದುರಾಳಿ ಇಲ್ಲದೆ ಒಬ್ಬನೇ ಓಡುವುದು. ಗ್ಯಾರೇಜಿನ ಹುಡುಗ, "ಅಣ್ಣ, ಹೇಗೂ ಒಬ್ಬರೇ ಅಲ್ವಾ, ನಿಧಾನ ಹೋಗಿ ಬನ್ನಿ" ಅಂದ. ನಾನು ಒಪ್ಪಲಿಲ್ಲ. ಆ ರೇಸಿನಲ್ಲಿ ಮುಂದಿನ ಸುತ್ತಿನ ಲೇನ್ ಹಿಂದಿನ ಸುತ್ತಿನ ಟೈಮ್ ನೋಡಿ ಸಿಗುತ್ತಿತ್ತು. ಸುಮ್ನೆ ದಾಟಿ ಬಂದರೆ ಬಲಗಡೆ ಕೈಬಿಟ್ಟ ಹಾಗೆ. ಪೂರ್ತಿ ಎಳೆದೇ ಓಡಿದೆ. ಸೆಮಿಫೈನಲ್‌ನಲ್ಲಿ ಬಲಗಡೆ ನನ್ನದಾಯಿತು, ಗೆದ್ದೆ.

ಫೈನಲ್‌ಗೆ ಎದುರಾಳಿಯ ಟೈಮ್ ನನಗಿಂತ ಚೆನ್ನಾಗಿತ್ತು. ಅವನು ಬಲಗಡೆ ತಗೊಂಡ. ನಾನು ಹಿಂದಿನ ಟೈರಿನ ಗಾಳಿ ಸ್ವಲ್ಪ ಇಳಿಸಿ ಎಡಗಡೆ ನಿಂತೆ. ಈ ಸಲ ಚಕ್ರ ಅಷ್ಟು ತಿರುಗಲಿಲ್ಲ. ಎರಡನೆಯವನಾದೆ.