ಒಂದು ರಾತ್ರಿಯ ಅತಿಥಿ ಮೂರು ರಾತ್ರಿ ಉಳಿದದ್ದು

ಶಿರಸಿಯಿಂದ ಸೋಂದೆ ಕಡೆ ಬರುವ ದಾರಿಯಲ್ಲಿ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ನಮ್ಮ ಮನೆ. ನಾಲ್ಕು ಕೋಣೆ ಬಿಟ್ಟುಕೊಟ್ಟು ಹೋಂಸ್ಟೇ ಶುರು ಮಾಡಿದಾಗ ನಮಗಿದ್ದ ಲೆಕ್ಕ ಸರಳ. ಮನೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ಜನ ಬಂದೇ ಬರುತ್ತಾರೆ. ಬಂದರು ಕೂಡ. ಆದರೆ ಸಂಜೆ ಕತ್ತಲಾಗುವ ಹೊತ್ತಿಗೆ ಬಂದು ಬೆಳಿಗ್ಗೆ ದೋಸೆ ತಿಂದು ಎಂಟು ಗಂಟೆಗೆ ಹೊರಟುಬಿಡುತ್ತಿದ್ದರು. ಹಿಂದಿನ ದಿನ ಜೋಗ, ಮರುದಿನ ಗೋಕರ್ಣ ಇಲ್ಲವೇ ಮುರ್ಡೇಶ್ವರ. ಶಿರಸಿ ಅವರಿಗೆ ನಡುವೆ ಮಲಗುವ ಜಾಗ ಅಷ್ಟೇ.

ಹೊರಡುವಾಗ ಹೆಚ್ಚಿನವರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಇಲ್ಲಿ ನೋಡೋಕೆ ಇನ್ನೇನಿದೆ ಅಕ್ಕಾ?" ನಾನು ಸಹಸ್ರಲಿಂಗ, ವಾದಿರಾಜ ಮಠ, ಬನವಾಸಿ, ಯಾಣ ಎಂದು ಪಟ್ಟಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಕಾರು ಹತ್ತುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಮೈಸೂರಿನ ಒಂದು ಕುಟುಂಬ ಬಂದಿತ್ತು. ಅವತ್ತು ನಮ್ಮಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ರಾತ್ರಿ ಅಂಗಳದಲ್ಲಿ ಸುತ್ತಲ ಮನೆಯ ಹೆಂಗಸರು, ಗಂಡಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಆ ಕುಟುಂಬದ ಅಜ್ಜಿ ಊಟ ಮುಗಿಸಿ ಬಂದು ನಮ್ಮ ಜೊತೆ ಕೂತರು. ಕವಳ ಹಾಕಿಕೊಂಡು ಹನ್ನೊಂದರವರೆಗೂ ಮಾತಾಡಿದರು. ಮರುದಿನ ಮರ ಹತ್ತುವ ಕೊನೆಗೌಡ ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದ ಮೇಲೆಯೇ ದಾಟುವುದನ್ನು ನೋಡಬೇಕು ಎಂದು ಮಕ್ಕಳು ಹಟ ಮಾಡಿದರು. ಗೋಕರ್ಣ ರದ್ದಾಯಿತು. ಇನ್ನೂ ಒಂದು ರಾತ್ರಿ ಉಳಿದರು.

ಅವತ್ತು ನನಗೆ ಹೊಳೆಯಿತು. ನಾನು ಜನರಿಗೆ ಜಾಗಗಳ ಪಟ್ಟಿ ಕೊಡುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ನಮ್ಮ ದಿನದೊಳಗೆ ಒಂದು ಕೂರುವ ಜಾಗ. ಅದನ್ನು ನಾನೊಬ್ಬಳೇ ಕೊಡುವುದಕ್ಕೆ ಆಗುವುದಿಲ್ಲ. ನಮ್ಮನೆಯಲ್ಲಿ ಕಬ್ಬಿಲ್ಲ, ನಮಗೆ ಯಕ್ಷಗಾನ ಬರುವುದಿಲ್ಲ, ನಮ್ಮಲ್ಲಿ ಜೀಪಿಲ್ಲ. ಇವೆಲ್ಲ ಇರುವವರು ಸುತ್ತ ಏಳೆಂಟು ಕಿಲೋಮೀಟರ್ ಒಳಗೇ ಇದ್ದಾರೆ.

ಮೊದಲು ಹೋದದ್ದು ಆಲೆಮನೆ ಹಾಕುವ ಭಾವನ ಹತ್ತಿರ. ನೆಂಟಸ್ತಿಕೆಯಲ್ಲಿ ದೂರದ ಭಾವ. ಜನವರಿ, ಫೆಬ್ರುವರಿಯಲ್ಲಿ ಅವರ ಗದ್ದೆಯ ಅಂಚಿನಲ್ಲಿ ಗಾಣ ತಿರುಗುತ್ತದೆ, ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತದೆ. "ಭಾವ, ನಮ್ಮ ಅತಿಥಿಗಳನ್ನು ಕಳಿಸಲಾ?" ಎಂದೆ. "ಕಳಿಸು ಮಾರಾಯ್ತಿ, ಕಬ್ಬಿನ ಹಾಲು ಕುಡಿದು ಹೋಗಲಿ, ಅದಕ್ಕೆಂತ ದುಡ್ಡು?" ಎಂದರು. ಅಲ್ಲೇ ತೊಡಕು ಶುರುವಾದದ್ದು. ನಮ್ಮ ಕಡೆ ಆಲೆಮನೆಗೆ ಬಂದವರಿಗೆ ಹಾಲಿಗೆ ದುಡ್ಡು ತೆಗೆದುಕೊಳ್ಳುವ ಪದ್ಧತಿಯೇ ಇಲ್ಲ. ಎರಡು ವಾರ ಹಾಗೇ ಕಳಿಸಿದೆ. ಬಂದವರು ನೊರೆಬೆಲ್ಲ ತಿಂದರು, ಫೋಟೋ ತೆಗೆದರು, ಭಾವನ ಕೆಲಸ ಅರ್ಧ ದಿನ ನಿಂತಿತು. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಆಮೇಲೆ ಅತ್ತಿಗೆಯ ಜೊತೆ ಕೂತು ಮಾತಾಡಿದೆ. ಕುಡಿಯುವ ಹಾಲು ಎಂದಿನಂತೆ ಸುಮ್ನೆ. ಆದರೆ ಅತ್ತಿಗೆ ಮಡಕೆ ಬೆನ್ನ ಮೇಲೆ ತೊಡದೇವು ಎಂಬ ತೆಳು ಸಿಹಿ ತಿಂಡಿ ಎರೆಯುವುದನ್ನು ತೋರಿಸಿ, ಅತಿಥಿಗಳ ಕೈಯಲ್ಲೂ ಮಾಡಿಸಿದರೆ ಒಬ್ಬರಿಗೆ ಇಷ್ಟು ಎಂದು ನಿಗದಿ ಮಾಡಿದೆವು. ಜೋನಿಬೆಲ್ಲದ (ನೀರುಬೆಲ್ಲದ) ಡಬ್ಬಿ ಬೇಕಾದವರಿಗೆ ಮಾರಾಟ. ಮೊದಲ ಹಂಗಾಮಿನಲ್ಲೇ ಅವರ ಡಬ್ಬಿಗಳೆಲ್ಲ ಮನೆಬಾಗಿಲಲ್ಲೇ ಖಾಲಿಯಾದವು.

ಅದಾದ ಮೇಲೆ ಆರು ಮನೆಯವರನ್ನು ನಮ್ಮ ಜಗಲಿಗೆ ಕರೆದೆ. ಆಲೆಮನೆ ಭಾವ, ಅಪ್ಪೆಮಿಡಿ ಎಂಬ ಪರಿಮಳದ ಮಾವಿನ ಮಿಡಿಯ ಉಪ್ಪಿನಕಾಯಿ ಮಾಡುವ ಮಹಿಳಾ ಸಂಘದ ಅಕ್ಕ, ಜೀಪಿನ ಅಣ್ಣ, ಯಕ್ಷಗಾನದ ಒಬ್ಬ ಭಾಗವತರು, ಬನವಾಸಿ ಕಡೆ ಅನಾನಸು ಬೆಳೆಯುವ ರೈತರು, ಮತ್ತೆ ನಾಲ್ಕು ಕಿಲೋಮೀಟರ್ ದೂರದಲ್ಲಿ ನಮ್ಮ ಹಾಗೇ ಹೋಂಸ್ಟೇ ನಡೆಸುವ ದಂಪತಿ. ಕೊನೆಯವರನ್ನು ಕರೆದದ್ದು ನಮ್ಮನೆಯವರಿಗೆ ಇಷ್ಟವಿರಲಿಲ್ಲ. "ಅವರು ನಮ್ಮ ಗಿರಾಕಿ ಎಳೆಯುವವರು" ಎಂದರು. ನಾನು ಹೇಳಿದೆ, ಶಿರಸಿಯಲ್ಲಿ ಬೆಳೆಗಾರರು ಅಡಿಕೆ ಮಾರುವುದು ಹೇಗೆ? 1923ರಲ್ಲಿ ತೋಟಗಾರರು ಸೇರಿ ಸೊಸೈಟಿ ಕಟ್ಟಿಕೊಂಡರು. ಒಬ್ಬೊಬ್ಬರ ರಾಶಿ ಬೇರೆ, ಚೀಲ ಬೇರೆ, ದರವೂ ಬೇರೆ. ಆದರೆ ಖರೀದಿದಾರ ಬರುವ ಅಂಗಳ ಒಂದೇ. ಒಂದೊಂದು ಮನೆಯ ಬಾಗಿಲಿಗೆ ವ್ಯಾಪಾರಿ ಬರಲಿ ಎಂದು ಕಾಯುತ್ತ ಕೂತಿದ್ದರೆ ಅವರ ಗತಿ ಏನಾಗುತ್ತಿತ್ತು? 2019ರಲ್ಲಿ ಶಿರಸಿ ಅಡಿಕೆಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು ಕೂಡ ಊರಿನ ಹೆಸರಿಗೆ, ಒಬ್ಬರ ಮನೆಯ ಹೆಸರಿಗಲ್ಲ. ಅತಿಥಿಯ ವಿಷಯದಲ್ಲಿ ಮಾತ್ರ ನಾವು ಯಾಕೆ ಒಬ್ಬೊಬ್ಬರೇ ಬಾಗಿಲಲ್ಲಿ ನಿಂತಿದ್ದೇವೆ? ಈ ಮಾತು ಜಗಲಿಯಲ್ಲಿ ಕೂತವರಿಗೆ ಕೂಡಲೇ ಅರ್ಥವಾಯಿತು.

ಮೊದಲ ಏರ್ಪಾಡು ಮಾತ್ರ ಕೆಟ್ಟಿತು, ಅದು ನನ್ನದೇ ತಪ್ಪು. ಯಾರು ಅತಿಥಿಯನ್ನು ಕಳಿಸುತ್ತಾರೋ ಅವರಿಗೆ ನೂರಕ್ಕೆ ಹತ್ತು ಎಂದು ಇಟ್ಟಿದ್ದೆ. ಎರಡೇ ತಿಂಗಳಲ್ಲಿ ಗೊಣಗಾಟ ಶುರುವಾಯಿತು. ಆ ಕುಟುಂಬವನ್ನು ಕಳಿಸಿದ್ದು ನಾನು, ಅಲ್ಲ ನಾನು. ಜೀಪಿನ ಅಣ್ಣ ತನಗೆ ಪಾಲು ಬರುವ ಮನೆಗೇ ಜನರನ್ನು ಕರೆದುಕೊಂಡು ಹೋಗತೊಡಗಿದರು. ಅವರನ್ನು ದೂರುವುದಿಲ್ಲ, ಏರ್ಪಾಡೇ ಹಾಗಿತ್ತು. ಕಮಿಷನ್ ಪೂರ್ತಿ ತೆಗೆದೆವು. ಈಗಿನ ನಿಯಮ ಇಷ್ಟೇ: ಅವರವರ ಕೆಲಸಕ್ಕೆ ಅವರವರ ದರ. ದರ ಎಲ್ಲರಿಗೂ ಗೊತ್ತಿರುತ್ತದೆ, ಅತಿಥಿಗೂ ಮೊದಲೇ ಹೇಳಿರುತ್ತೇವೆ. ಅತಿಥಿ ನನಗೆ ಒಟ್ಟಿಗೆ ಕೊಟ್ಟಿದ್ದರೆ ಅವತ್ತು ರಾತ್ರಿ ಮಲಗುವ ಮೊದಲು ಉಳಿದವರ ದುಡ್ಡು ಫೋನ್‌ಪೇನಲ್ಲಿ ಹೋಗಬೇಕು. ನಾಳೆ ಎನ್ನುವ ಮಾತಿಲ್ಲ. ಜಂಟಿ ಪ್ರಚಾರಕ್ಕೆ ಪ್ರತಿ ಮನೆಯವರು ತಿಂಗಳಿಗೆ ಒಂದು ಸಣ್ಣ ಮೊತ್ತ ಹಾಕುತ್ತಾರೆ, ಅದರ ಲೆಕ್ಕದ ಪುಸ್ತಕ ಉಪ್ಪಿನಕಾಯಿ ಅಕ್ಕನ ಹತ್ತಿರ ಇದೆ. ಸ್ವಸಹಾಯ ಸಂಘದಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದ ಕೈ ಅದು, ಒಂದು ರೂಪಾಯಿ ತಪ್ಪುವುದಿಲ್ಲ.

ಇನ್ನೊಂದು ಹೋಂಸ್ಟೇಯವರ ಜೊತೆ ನಂಬಿಕೆ ಬೆಳೆದದ್ದು ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆಗ ಪೇಟೆಯಲ್ಲಿ ಒಂದು ಕೋಣೆಯೂ ಸಿಗುವುದಿಲ್ಲ. ನಮ್ಮಲ್ಲಿ ಜಾಗ ತುಂಬಿತ್ತು, ಹತ್ತು ಜನರ ಗುಂಪು ಫೋನ್ ಮಾಡಿತು. ಮೊದಲಾಗಿದ್ದರೆ "ಜಾಗ ಇಲ್ಲ" ಎಂದು ಇಟ್ಟುಬಿಡುತ್ತಿದ್ದೆ. ಆ ಸಲ ಇನ್ನೊಂದು ಹೋಂಸ್ಟೇಯವರ ನಂಬರ್ ಕೊಟ್ಟೆ, ಅವರಿಗೂ ನಾನೇ ಫೋನ್ ಮಾಡಿ ಹೇಳಿದೆ. ಮುಂದಿನ ವಾರದಿಂದ ಅವರ ಕಡೆಯಿಂದ ನಮಗೆ ಜನ ಬರತೊಡಗಿದರು. ಈಗ ಇಬ್ಬರ ಖಾಲಿ ಕೋಣೆಗಳ ಲೆಕ್ಕ ಒಂದೇ ವಾಟ್ಸಾಪ್ ಗುಂಪಿನಲ್ಲಿದೆ. ದರ ಇಳಿಸಿ ಒಬ್ಬರನ್ನೊಬ್ಬರು ಬೀಳಿಸುವ ಆಟ ಅಲ್ಲಿಗೆ ನಿಂತಿತು.

ನಮ್ಮ ಕೈಗೆ ಸಿಕ್ಕ ದೊಡ್ಡ ಸಾಧನ ಅಂದರೆ ತಿಂಗಳ ಪಟ್ಟಿ. ಜಾಹೀರಾತಿನಲ್ಲಿ ಎಲ್ಲರೂ "ಪ್ರಕೃತಿಯ ಮಡಿಲಲ್ಲಿ" ಎಂದು ಬರೆಯುತ್ತಾರೆ. ಅದರಿಂದ ಯಾವಾಗ ಬರಬೇಕು ಎನ್ನುವುದು ಗೊತ್ತಾಗುವುದಿಲ್ಲ. ನಾವು ಜಗಲಿಯಲ್ಲಿ ಕೂತು ಹನ್ನೆರಡು ತಿಂಗಳು ಬರೆದೆವು. ನವೆಂಬರಿನಿಂದ ಕೊನೆ ಕೊಯ್ಲು, ಅಡಿಕೆ ಸುಲಿತ. ಜನವರಿ, ಫೆಬ್ರುವರಿ ಆಲೆಮನೆ. ಆಗಲೇ ಶಾಲ್ಮಲೆ ಹೊಳೆಯಲ್ಲಿ ನೀರು ಇಳಿದು ಸಹಸ್ರಲಿಂಗದ ಲಿಂಗಗಳು ಚೆನ್ನಾಗಿ ಕಾಣುವುದು. ಮಳೆಗಾಲದಲ್ಲಿ ಬಂದು "ಲಿಂಗವೇ ಇಲ್ಲ" ಎಂದು ಬೇಸರಪಟ್ಟವರು ಎಷ್ಟು ಜನವೋ. ಮಾರ್ಚಿನಲ್ಲಿ ಒಂದು ವರ್ಷ ಜಾತ್ರೆ, ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ. ರಾತ್ರಿಯೆಲ್ಲ ತಮಟೆ, ನವಿಲುಗರಿ ಕಟ್ಟಿದ ಬೇಡ ಬೀದಿ ಬೀದಿಯಲ್ಲಿ ಕುಣಿಯುತ್ತಾನೆ. ಅದೇ ಹೊತ್ತಿಗೆ ಹೊಳೆದಂಡೆಯ ಮರಗಳಿಂದ ಅಪ್ಪೆಮಿಡಿ ಇಳಿಯುತ್ತದೆ. ಬೇಸಿಗೆಗೆ ಬನವಾಸಿ ಅನಾನಸು, ಮುರುಗಲ (ಕೋಕಂ) ಪಾನಕ, ಹಲಸಿನ ಹಪ್ಪಳ. ಜೂನ್ ಮಳೆಗೆ ಸೋಂದೆಯ ಮುಂಡಿಗೆ ಕೆರೆಗೆ ಬೆಳ್ಳಕ್ಕಿಗಳು ಬಂದು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಆಗಸ್ಟಿನಿಂದ ಅಕ್ಟೋಬರ್ ಜಲಪಾತಗಳ ಕಾಲ.

ಈ ಪಟ್ಟಿಯನ್ನು ನಮ್ಮೂರಿನ ಚಿತ್ರ ಬರೆಯುವ ಹುಡುಗಿಯೊಬ್ಬಳು ಒಂದು ಕೈನಕ್ಷೆಯ ಹಿಂಬದಿಗೆ ಬರೆದುಕೊಟ್ಟಳು. ಮುಂದೆ ನಕ್ಷೆ, ಹಿಂದೆ ತಿಂಗಳು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಕೆಳಗೆ ನಮ್ಮದೂ ಸೇರಿ ಏಳೂ ಮನೆಯ ಹೆಸರು, ಒಂದೇ ಫೋನ್ ನಂಬರ್. ಏಳು ಮನೆಯಲ್ಲೂ ಅದನ್ನೇ ಕೊಡುತ್ತೇವೆ, ಶಿರಸಿಯ ಒಂದೆರಡು ಊಟದ ಹೋಟೆಲುಗಳಲ್ಲೂ ಇಟ್ಟಿದ್ದೇವೆ. ಅದಕ್ಕೆ ಹಾಕಿದ ದುಡ್ಡಿನಷ್ಟು ಫಲ ಬೇರೆ ಯಾವುದೂ ಕೊಡಲಿಲ್ಲ. ಮಡಚಿ ಪರ್ಸಿನಲ್ಲಿಟ್ಟುಕೊಂಡವರು ಆರು ತಿಂಗಳು ಬಿಟ್ಟು "ಬೆಳ್ಳಕ್ಕಿ ಬಂದವಾ?" ಎಂದು ಫೋನ್ ಮಾಡುತ್ತಾರೆ.

ದಾರಿಯ ವಿಷಯದಲ್ಲಿ ಜೀಪಿನ ಅಣ್ಣ ಕೊಟ್ಟ ಸಲಹೆ ಬಂಗಾರದಂಥದ್ದು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಅಲ್ಲಿಂದ ಜೋಗ ಹತ್ತಿರವೇ. "ರೈಲು ನಿಲ್ದಾಣದಿಂದ ನಾನೇ ಕರ್ಕೊಂಡು ಬರ್ತೇನೆ, ಜೋಗ ತೋರಿಸಿ, ಸಿದ್ದಾಪುರದ ಮೇಲೆ ಉಂಚಳ್ಳಿ ತೋರಿಸಿ, ಸಂಜೆ ಮನೆಗೆ ಬಿಡ್ತೇನೆ" ಎಂದರು. ಮೊದಲು ಜೋಗ ನೋಡಿದವರು ನಮ್ಮನ್ನು ದಾಟಿ ಕರಾವಳಿಗೆ ಹೋಗುತ್ತಿದ್ದರು. ಈಗ ಜೋಗವೇ ನಮ್ಮ ಮೊದಲ ದಿನ. 116 ಮೀಟರ್ ಮೇಲಿಂದ ಅಘನಾಶಿನಿ ಧುಮುಕುವ ಉಂಚಳ್ಳಿಗೆ ನಮ್ಮವರು ಕೆಪ್ಪ ಜೋಗ ಎನ್ನುತ್ತಾರೆ. ಆ ಸದ್ದಿನಲ್ಲಿ ಕಿವಿ ಕೆಪ್ಪಾಗುತ್ತದೆ ಎಂದು. ಇಂಥ ಮಾತುಗಳನ್ನು ಅಣ್ಣ ದಾರಿಯುದ್ದಕ್ಕೂ ಹೇಳುತ್ತಾರೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎನ್ನುವ ಗಾದೆ ಕೇಳಿ ಎಷ್ಟೋ ಜನ ಯಾಣದ ಕಲ್ಲು ನೋಡುವುದಕ್ಕೆಂದೇ ಒಂದು ದಿನ ಜಾಸ್ತಿ ಉಳಿದಿದ್ದಾರೆ. ಒಂದು ಮಾತು ಮಾತ್ರ: ಬಾಡಿಗೆಗೆ ಓಡಿಸುವ ಗಾಡಿ ಹಳದಿ ಬೋರ್ಡಿನದ್ದೇ ಆಗಿರಬೇಕು. ಪರ್ಮಿಟ್, ವಿಮೆ ನೋಡದೆ ಯಾರನ್ನೂ ಸೇರಿಸಿಕೊಳ್ಳಬೇಡಿ. ಹಾಗೇ ಉಪ್ಪಿನಕಾಯಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು, ಸಣ್ಣ ತಯಾರಕರಿಗೆ ಅದೇನು ಭಾರವಲ್ಲ.

ಭಾಗವತರ ಜೊತೆಗಿನ ಮಾತುಕತೆ ನನಗೆ ತುಂಬಾ ಕಲಿಸಿತು. ಊಟಕ್ಕೆ ಮೊದಲು ಹದಿನೈದು ನಿಮಿಷ ಕುಣಿತ ಇರಲಿ ಎಂದು ನಾನು ಕೇಳಿದ್ದೆ. ಅವರು ಬೇಡ ಎಂದರು. "ಹದಿನೈದು ನಿಮಿಷಕ್ಕೆ ವೇಷ ಕಟ್ಟಿದರೆ ನೋಡುವವರಿಗೆ ಬಣ್ಣ ಕಾಣುತ್ತದೆ, ಯಕ್ಷಗಾನ ಕಾಣುವುದಿಲ್ಲ" ಎಂದರು. ಅವರು ಹೇಳಿದ್ದು ಸರಿ. ಕೊನೆಗೆ ಹೀಗೆ ಮಾಡಿಕೊಂಡೆವು. ಅತಿಥಿಗಳು ಸಂಜೆ ಐದಕ್ಕೆ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಬರಬೇಕು. ಬಣ್ಣ ಹಚ್ಚುವುದು, ಕಿರೀಟ ಕಟ್ಟುವುದು ನೋಡಬೇಕು. ಭಾಗವತರು ಕಥೆ ಹೇಳುತ್ತಾರೆ, ಚಂಡೆ ಮದ್ದಲೆಯ ಒಂದೊಂದು ಪೆಟ್ಟು ಕೇಳಿಸುತ್ತಾರೆ. ಆಮೇಲೆ ಒಂದು ಗಂಟೆ ಆಟ. ಎಂಟು ಜನಕ್ಕಿಂತ ಕಡಿಮೆ ಇದ್ದರೆ ವೇಷವಿಲ್ಲ, ತಾಳಮದ್ದಳೆಯ ಹಾಗೆ ಕೂತು ಹಾಡು, ಅರ್ಥ. ಎರಡೂ ಹೋಂಸ್ಟೇಗಳ ಜನ ಒಟ್ಟು ಸೇರಿದ್ದರಿಂದಲೇ ಇದು ಸಾಧ್ಯವಾಯಿತು. ಒಬ್ಬರ ಮನೆಯ ಅತಿಥಿಗಳಿಂದ ಕಲಾವಿದರಿಗೆ ಸರಿಯಾದ ಸಂಭಾವನೆ ಹುಟ್ಟುವುದಿಲ್ಲ.

ಪ್ರಚಾರದಲ್ಲಿ ನಾವು ಎಡವಿದ್ದೂ ಇದೆ. ಒಂದು ಸಣ್ಣ ಜಲಪಾತದ ರೀಲ್ಸ್ ಹಾಕಿದ್ದೆವು, ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಎರಡು ವಾರದಲ್ಲಿ ಲಕ್ಷಗಟ್ಟಲೆ ಜನ ನೋಡಿದರು. ಮುಂದಿನ ಭಾನುವಾರ ಕಿರಿದಾದ ದಾರಿಯಲ್ಲಿ ಮೂವತ್ತು ನಲವತ್ತು ಕಾರು. ದಾರಿ ಹೋಗುವುದು ಒಬ್ಬರ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಒಳಗೆ. ಬಾಟಲಿ ಚೂರು, ಪ್ಲಾಸ್ಟಿಕ್. ಒಬ್ಬ ಹುಡುಗ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡ. ಅವರಲ್ಲಿ ಒಬ್ಬರೂ ನಮ್ಮ ಎರಡು ಹೋಂಸ್ಟೇಯಲ್ಲಿ ಉಳಿದವರಲ್ಲ. ಬೆಟ್ಟದ ಮನೆಯವರ ಹತ್ತಿರ ಹೋಗಿ ಕ್ಷಮೆ ಕೇಳಿದೆವು, ರೀಲ್ಸ್ ತೆಗೆದೆವು, ಎಲ್ಲರೂ ಸೇರಿ ಒಂದು ದಿನ ಗುಡಿಸಿದೆವು. ಅಂದಿನಿಂದ ಜನರಿರುವ ವಿಡಿಯೋ ಮಾತ್ರ ಹಾಕುತ್ತೇವೆ. ತೊಡದೇವು ಎರೆಯುವ ಕೈ, ಚೌಕಿಯ ಕನ್ನಡಿ, ಅಡಿಕೆ ಸುಲಿಯುವ ಅಂಗಳ. ನೋಡುವವರ ಸಂಖ್ಯೆ ಕಡಿಮೆ. ಫೋನ್ ಮಾಡುವವರು ಜಾಸ್ತಿ.

ಆನ್‌ಲೈನ್ ಬುಕಿಂಗ್ ಜಾಲಗಳನ್ನು ಬಿಟ್ಟಿಲ್ಲ, ಆದರೆ ಅವುಗಳ ಪಾಲು ಕಳೆದರೆ ನಮಗೆ ಉಳಿಯುವುದು ಕಡಿಮೆ. ಗೂಗಲ್ ಮ್ಯಾಪಿನಲ್ಲಿ ಏಳೂ ಮನೆಗಳನ್ನು ಬೇರೆ ಬೇರೆಯಾಗಿ ಸೇರಿಸಿದ್ದು ಉಪಯೋಗವಾಯಿತು. ಬಂದವರು ಆಲೆಮನೆಗೂ, ಉಪ್ಪಿನಕಾಯಿ ಮನೆಗೂ ನಾಲ್ಕು ಸಾಲು ಬರೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದವರು ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳು. ಆಫೀಸಿನ ಗೆಳೆಯರನ್ನು "ನಮ್ಮನೆ ಕಡೆ ಹೋಗೋಣ" ಎಂದು ಕರೆದುಕೊಂಡು ಬರುತ್ತಾರೆ. ಅವರಿಗೆ ಪ್ರತಿ ತಿಂಗಳು ಒಂದನೇ ತಾರೀಕು "ಈಗ ಊರಲ್ಲಿ ಏನಿದೆ" ಎಂದು ಐದು ಸಾಲು ಕಳಿಸುತ್ತೇವೆ.

ಮಳೆಗಾಲ ನಮಗೆ ಇನ್ನೂ ಸವಾಲು. ಜೂನ್, ಜುಲೈಯಲ್ಲಿ ಉಂಬಳಕ್ಕೆ (ಜಿಗಣೆಗೆ) ಹೆದರಿ ಜನ ಬರುವುದಿಲ್ಲ. ಕಳೆದ ವರ್ಷ ಎರಡು ಹೋಂಸ್ಟೇಯವರೂ ಸೇರಿ ಮಳೆಯ ಅಡುಗೆ ಎಂದು ಎರಡು ದಿನದ ಕಾರ್ಯಕ್ರಮ ಮಾಡಿದೆವು. ಕೆಸುವಿನ ಸೊಪ್ಪಿನ ಕರಕಲಿ, ಅಪ್ಪೆಹುಳಿ, ನಾಲ್ಕು ಥರದ ತಂಬುಳಿ, ಬಿಸಿ ಹಪ್ಪಳ. ಬೆಳಿಗ್ಗೆ ಮುಂಡಿಗೆ ಕೆರೆ, ಮಧ್ಯಾಹ್ನ ಅಡುಗೆಮನೆ. ಮೊದಲ ಸಲ ಬಂದವರು ಹನ್ನೊಂದು ಜನ. ಈ ವರ್ಷ ಅದೇ ಹನ್ನೊಂದರಲ್ಲಿ ನಾಲ್ವರು ತಮ್ಮ ಅಮ್ಮಂದಿರನ್ನು ಕರೆದುಕೊಂಡು ಬರುತ್ತೇವೆ ಎಂದಿದ್ದಾರೆ. ಅತ್ತಿಗೆ ಆಗಲೇ ಹಲಸಿನ ಹಪ್ಪಳ ಒಣಗಿಸಿ ಡಬ್ಬಿ ತುಂಬಿದ್ದಾರೆ. ಅಕ್ಕ ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆಗೆದು ತಾರೀಕು ಬರೆದಿದ್ದಾರೆ.