ಒಡವೆಗೆ ತಕ್ಕ ಪೆಟ್ಟಿಗೆ ಆರಿಸುವುದು ಹೇಗೆ?

ಮೂರು ವರ್ಷ ಬೀರುವಿನಲ್ಲೇ ಇದ್ದ ಅಮ್ಮನ ಬೆಳ್ಳಿ ಕಾಲುಗೆಜ್ಜೆಯನ್ನು ಹೊರಗೆ ತೆಗೆದಾಗ ಅದರ ನಡುವೆ ಒಂದು ಕಪ್ಪು ಪಟ್ಟಿ ಕಾಣಿಸಿತು. ಉಳಿದ ಭಾಗ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಆ ಪಟ್ಟಿ ಮಾತ್ರ ಮಸಿ ಬಳಿದ ಹಾಗಿತ್ತು. ಜೋಡಿ ತಪ್ಪಿಹೋಗಬಾರದು ಎಂದು ಅಮ್ಮ ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ರಬ್ಬರ್ ಒಣಗಿ ತುಂಡಾಗಿ ಬಿದ್ದಿತ್ತು, ಅದು ಕೂತಿದ್ದ ಗುರುತು ಬೆಳ್ಳಿಯ ಮೇಲೆ ಉಳಿದಿತ್ತು. ರಬ್ಬರ್ ಗಟ್ಟಿಯಾಗಲಿ ಎಂದು ಅದಕ್ಕೆ ಗಂಧಕ ಸೇರಿಸುತ್ತಾರೆ. ಬೆಳ್ಳಿಗೂ ಗಂಧಕಕ್ಕೂ ಆಗಿಬರುವುದಿಲ್ಲ.

ಗೆಜ್ಜೆ ಇಟ್ಟಿದ್ದ ಪೆಟ್ಟಿಗೆ ಏನೂ ಕಡಿಮೆಯದಲ್ಲ. ಬೀಟೆ ಮರದ್ದು, ಕೆತ್ತನೆ ಇರುವುದು, ಒಳಗೆ ಕೆಂಪು ಮಖಮಲ್ಲು. ಆದರೆ ಚೆಂದದ ಪೆಟ್ಟಿಗೆ ಬೇರೆ, ಒಡವೆಗೆ ಒಗ್ಗುವ ಪೆಟ್ಟಿಗೆ ಬೇರೆ ಎಂದು ನನಗೆ ಅವತ್ತು ಮನದಟ್ಟಾಯಿತು. ನಾವು ಅಂಗಡಿಯಲ್ಲಿ ಮೊದಲು ಮುಚ್ಚಳ ನೋಡುತ್ತೇವೆ, ಕನ್ನಡಿ ಇದೆಯಾ ಎಂದು ನೋಡುತ್ತೇವೆ. ಮೊದಲು ನೋಡಬೇಕಾದದ್ದು ಮನೆಯಲ್ಲಿರುವ ಒಡವೆಯನ್ನು.

ಅಂಗಡಿಗೆ ಹೋಗುವ ಮುಂಚೆ

ಹಾಸಿಗೆಯ ಮೇಲೆ ಒಂದು ಹಳೇ ಬಿಳಿ ಪಂಚೆ ಹಾಸಿ. ಬಿಳಿ ಬಟ್ಟೆಯಾದರೆ ಉದುರಿದ ಹರಳು, ಜಾರಿದ ತಿರುಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಇರುವುದನ್ನೆಲ್ಲ ಅದರ ಮೇಲೆ ಹರಡಿ ಮೂರು ಗುಂಪು ಮಾಡಿ. ದಿನಾ ಹಾಕುವುದು ಒಂದು. ಹಬ್ಬಕ್ಕೆ, ಮದುವೆಗೆ, ನಾಮಕರಣಕ್ಕೆ ತೆಗೆಯುವುದು ಇನ್ನೊಂದು. ವರ್ಷಗಟ್ಟಲೆ ಹೊರಗೆ ಬಾರದ್ದು ಮೂರನೆಯದು.

ದಿನಾ ಹಾಕುವುದಕ್ಕೆ ಚಿಕ್ಕ ಡಬ್ಬಿ ಸಾಕು. ಆದರೆ ಅದು ಒಂದೇ ಕೈಯಲ್ಲಿ ತೆರೆಯುವಂತಿರಬೇಕು. ಕೊಂಡಿ, ಬೀಗ, ಎರಡು ಮುಚ್ಚಳ ಇದ್ದರೆ ನಿದ್ದೆಗಣ್ಣಿನಲ್ಲಿ ಯಾರು ತೆರೆಯುತ್ತಾರೆ? ಓಲೆ ತೆಗೆದು ಸುಮ್ನೆ ಕಿಟಕಿ ಕಟ್ಟೆಯ ಮೇಲೆ ಇಟ್ಟುಬಿಡುತ್ತೇವೆ, ಅಲ್ವಾ? ಕಳೆದುಹೋಗುವುದು ಅಲ್ಲೇ.

ಒನ್ ಗ್ರಾಂ ಗೋಲ್ಡ್ ಒಡವೆಗಳನ್ನು ಈಗಲೇ ಪಕ್ಕಕ್ಕೆ ಇಡಿ. ಅವಕ್ಕೆ ಪ್ರತ್ಯೇಕ ಡಬ್ಬಿ ಬೇಕು. ಮೇಲಿನ ಲೇಪ ತೀರಾ ತೆಳು, ಬೇರೆ ಒಡವೆಗೆ ಉಜ್ಜಿದರೆ ಬೇಗ ಸವೆಯುತ್ತದೆ.

ಯಾವುದರ ಪಕ್ಕ ಯಾವುದು?

ಈಗ ಗಟ್ಟಿ, ಮೆತ್ತಗೆ ಎಂದು ವಿಂಗಡಿಸಿ. ಮೋಹ್ಸ್ ಎನ್ನುವ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಕ್ಕೆ 9. ಚಿನ್ನಕ್ಕೆ ಬರೀ 2.5ರಿಂದ 3. ಮುತ್ತು, ಹವಳ ಕೂಡ ಹೆಚ್ಚುಕಮ್ಮಿ ಚಿನ್ನದಷ್ಟೇ ಮೆತ್ತಗೆ. ಅಂದರೆ ವಜ್ರದ ಓಲೆಯನ್ನು ಚಿನ್ನದ ಬಳೆಯ ಜೊತೆ ಒಂದೇ ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಊರಿಗೆ ಹೋದರೆ, ದಾರಿಯುದ್ದಕ್ಕೂ ವಜ್ರ ಬಳೆಯನ್ನು ಗೀರುತ್ತಲೇ ಇರುತ್ತದೆ. ವಜ್ರಕ್ಕೆ ವಜ್ರ ತಾಗಿದರೂ ಗೀರು ಬೀಳುತ್ತದೆ. ಹರಳಿನ ಒಡವೆ ಒಂದೊಂದಕ್ಕೂ ಒಂದೊಂದು ಖಾನೆ ಅಥವಾ ಬಟ್ಟೆ ಚೀಲ ಬೇಕು ಎನ್ನುವುದು ಅದಕ್ಕೇ.

ಇನ್ನೊಂದು ಮುಖ್ಯ ವಿಷಯವಿದೆ. ಬೆಳ್ಳಿಗೆ ಗಾಳಿ ತಾಗಬಾರದು. ಮುತ್ತಿಗೆ ಸ್ವಲ್ಪ ಗಾಳಿ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಒಂದಕ್ಕಂತೂ ಕಷ್ಟವೇ.

ಗಾಳಿಯಲ್ಲಿ ಇರುವ ಅಷ್ಟಿಷ್ಟು ಗಂಧಕದ ಅಂಶವೇ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಉಣ್ಣೆ ಬಟ್ಟೆಯಲ್ಲೂ ಅದು ಇರುತ್ತದೆ. ಆದ್ದರಿಂದ ಬೆಳ್ಳಿಯನ್ನು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ಪಾಲಿಥಿನ್ ಕವರಿಗೆ ಹಾಕಿ, ಒಳಗಿನ ಗಾಳಿ ಒತ್ತಿ ತೆಗೆದು ಮುಚ್ಚಿ. ಹೊಸ ರೇನ್‌ಕೋಟಿನಂತೆ ವಾಸನೆ ಹೊಡೆಯುವ ಮೆತ್ತನೆ ಪ್ಲಾಸ್ಟಿಕ್ ಮಾತ್ರ ಬೇಡ. ಜೋಡಿ ಕಟ್ಟಲು ಹತ್ತಿಯ ದಾರ ಸಾಕು.

ಮುತ್ತಿನ ಕಥೆ ತಿರುವುಮುರುವು. ಅದು ಚಿಪ್ಪಿನೊಳಗೆ ಬೆಳೆದ ಸುಣ್ಣದ ಪದರಗಳ ಗುಂಡು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಮುಚ್ಚಿ ವರ್ಷಗಟ್ಟಲೆ ಇಟ್ಟರೆ ಹೊಳಪು ಹೋಗುತ್ತದೆ, ತೀರಾ ಒಣಗಿದರೆ ಬಿರುಕು ಬಿಡುತ್ತದೆ. ಬೆವರು, ಸೆಂಟು ಕೂಡ ಅದಕ್ಕೆ ಶತ್ರು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಗಲವಾದ ಖಾನೆಯಲ್ಲಿ ಮಲಗಿಸಿ ಇಡಿ. ಮುತ್ತಿನ ಸರವನ್ನು ಕೊಕ್ಕೆಗೆ ನೇತುಹಾಕುವ ಪೆಟ್ಟಿಗೆ ಈಗ ಜಾಸ್ತಿ ಸಿಗುತ್ತದೆ, ಅದನ್ನು ಕೊಳ್ಳಬೇಡಿ. ಮುತ್ತಿನ ಭಾರಕ್ಕೆ ರೇಷ್ಮೆ ದಾರ ಹಿಗ್ಗುತ್ತದೆ.

ಅರಗು ತುಂಬಿದ ಒಡವೆಗಳ ಬಗ್ಗೆ ಯಾರೂ ಹೇಳುವುದೇ ಇಲ್ಲ. ಕೊಡಗಿನ ಜೋಮಾಲೆಯನ್ನೇ ನೋಡಿ. ಚಿನ್ನದ ಗುಂಡುಗಳು ನೋಡಲು ದಪ್ಪ, ಒಳಗೆ ಟೊಳ್ಳು, ಅದರೊಳಗೆ ಅರಗು. ಕುಂದಣದ ಕೆಲಸದಲ್ಲೂ ಹರಳಿನ ಹಿಂದೆ ಅರಗು, ಅದರ ಮೇಲೆ ತೆಳು ಹಾಳೆ ಇರುತ್ತದೆ. ಬಿಸಿಗೆ ಅರಗು ಮೆತ್ತಗಾಗುತ್ತದೆ. ಭಾರ ಬಿದ್ದರೆ ಟೊಳ್ಳು ಗುಂಡು ನಗ್ಗುತ್ತದೆ. ಹರಳಿನ ಹಿಂದಕ್ಕೆ ನೀರಿಳಿದರೆ ಹಾಳೆ ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ. ಇಂಥವನ್ನು ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ಒಂದೇ ಪದರದಲ್ಲಿ ಇಡಬೇಕು. ಪೆಟ್ಟಿಗೆಯನ್ನು ಬಿಸಿಲು ಬೀಳುವ ಗೋಡೆಗೆ ಒರಗಿಸಬಾರದು.

ಟೇಪು ಹಿಡಿಯಿರಿ

ಎಷ್ಟು ದೊಡ್ಡ ಪೆಟ್ಟಿಗೆ ಬೇಕು ಎನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ಬಳೆಯ ಅಳತೆ 2-6 ಎಂದರೆ ಒಳಗಿನ ಅಗಲ ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರರಲ್ಲಿ ಆರು ಪಾಲು, ಅಂದರೆ ಸುಮಾರು 6 ಸೆಂಟಿಮೀಟರ್. ಅದಕ್ಕೆ ಬಳೆಯ ಎರಡೂ ಕಡೆಯ ದಪ್ಪ ಸೇರಿಸಿ. ದಪ್ಪ ಕಡಗವಾದರೆ 8 ಸೆಂಟಿಮೀಟರಿಗಿಂತ ಕಿರಿದಾದ ಖಾನೆಯಲ್ಲಿ ಆರಾಮಾಗಿ ಕೂರುವುದಿಲ್ಲ. ಒತ್ತಿ ತುರುಕಿದರೆ ಬಳೆಯ ದುಂಡು ಕೆಡುತ್ತದೆ.

ಕಾಸಿನ ಸರ, ಅವಲಕ್ಕಿ ಸರದಂಥವನ್ನು ಮೇಜಿನ ಮೇಲೆ ನೀವು ಇಡಲು ಬಯಸುವ ಹಾಗೆಯೇ ಇಟ್ಟು ಉದ್ದಗಲ ಬರೆದುಕೊಳ್ಳಿ. ವಂಕಿ, ಡಾಬು, ಜಡೆಬಿಲ್ಲೆ ಇದ್ದರೆ ಎತ್ತರವನ್ನೂ ಅಳೆಯಿರಿ. ಖಾನೆಗಳನ್ನು ಸರಿಸಲು ಬರುವ ಪೆಟ್ಟಿಗೆ ಸಿಕ್ಕರೆ ಅದೇ ಒಳ್ಳೆಯದು. ಇಪ್ಪತ್ತು ಚಿಕ್ಕ ಖಾನೆ ಇರುವ ಪೆಟ್ಟಿಗೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಮನೆಗೆ ತಂದರೆ ಒಂದು ಹಾರವೂ ಹಿಡಿಸುವುದಿಲ್ಲ.

ಮೂಸಿ ನೋಡಿ, ಒರೆಸಿ ನೋಡಿ

ಪೆಟ್ಟಿಗೆ ಕೈಗೆ ಬಂದ ಕೂಡಲೇ ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿಯಿರಿ. ಅಂಟು, ವಾರ್ನಿಷ್, ಹೊಸ ಪ್ಲೈವುಡ್ ವಾಸನೆ ಘಾಟಾಗಿದ್ದರೆ ಕೊಳ್ಳಬೇಡಿ. ಮೂಗಿಗೆ ತಾಗಿದ ಆವಿ ಮುಚ್ಚಿದ ಪೆಟ್ಟಿಗೆಯೊಳಗೆ ಒಡವೆಗೂ ತಾಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಡಬ್ಬಿಗಳು ದಿನಬಳಕೆಯ ಓಲೆ, ಉಂಗುರಕ್ಕೆ ನನಗೆ ತುಂಬಾ ಇಷ್ಟ. ಹಗುರ, ನುಣುಪು, ಮೂಲೆಗಳಿಲ್ಲ. ಒಳಗೊಂದು ಹತ್ತಿ ಬಟ್ಟೆಯ ತುಂಡು ಹಾಕಿದರೆ ಮುಗಿಯಿತು.

ಆಮೇಲೆ ಮಖಮಲ್ಲು. ಬಿಳಿ ಕರ್ಚೀಫನ್ನು ಚೂರು ಒದ್ದೆ ಮಾಡಿ ಒಳಗಿನ ಮೂಲೆಯಲ್ಲಿ ಉಜ್ಜಿ. ಬಣ್ಣ ಹತ್ತಿದರೆ ಮಳೆಗಾಲದ ಥಂಡಿಗೆ ನಿಮ್ಮ ಮುತ್ತಿಗೂ ಹತ್ತುತ್ತದೆ. ಚಿನ್ನದಂಗಡಿಯ ತೆಳು ಗುಲಾಬಿ ಕಾಗದಕ್ಕೂ ಇದೇ ಮಾತು. ಮನೆಗೆ ತರುವವರೆಗೆ ಅದು ಸಾಕು, ವರ್ಷಗಟ್ಟಲೆ ಇಡುವುದಕ್ಕಲ್ಲ.

ಇನ್ನೂ ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ ಎಂಬ ವಿಜ್ಞಾನಿ 1973ರಲ್ಲಿ ಒಂದು ವಿಧಾನ ರೂಪಿಸಿದರು. ಪ್ರದರ್ಶನ ಪೆಟ್ಟಿಗೆಗೆ ಬಳಸುವ ಮರ, ಬಟ್ಟೆ, ಅಂಟಿನ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಂಡುಗಳ ಜೊತೆ, ಚೂರು ನೀರಿನ ತೇವದಲ್ಲಿ, 60 ಡಿಗ್ರಿ ಬಿಸಿಯಲ್ಲಿ 28 ದಿನ ಮುಚ್ಚಿಡುತ್ತಾರೆ. ಲೋಹ ಮಂಕಾದರೆ ಆ ಸಾಮಾನು ಬಳಸುವುದಿಲ್ಲ. ನಾವು ಮನೆಯಲ್ಲಿ ಇದರ ಸರಳ ರೂಪ ಮಾಡಬಹುದು. ಚೆನ್ನಾಗಿ ಉಜ್ಜಿ ಹೊಳೆಯಿಸಿದ ಒಂದು ಬೆಳ್ಳಿ ನಾಣ್ಯವನ್ನು ಖಾಲಿ ಪೆಟ್ಟಿಗೆಯಲ್ಲಿ ಇಟ್ಟು ಒಂದು ತಿಂಗಳು ಮುಚ್ಚಿಡಿ, ಇನ್ನೊಂದನ್ನು ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ನಾನು ಅಮ್ಮನ ಬೀಟೆ ಪೆಟ್ಟಿಗೆಯನ್ನೂ ಹೀಗೇ ನೋಡಿದೆ. ಒಳಗಿಟ್ಟ ನಾಣ್ಯ ಹಳದಿಗೆ ತಿರುಗಿತ್ತು. ಮಖಮಲ್ಲು ಕಿತ್ತು, ವಾರ ಗಾಳಿಗಿಟ್ಟು, ಒಗೆದ ಬಿಳಿ ಹತ್ತಿ ಬಟ್ಟೆ ಹಾಸಿ ಮತ್ತೆ ಇಟ್ಟಾಗ ನಾಣ್ಯ ಹಾಗೇ ಉಳಿಯಿತು.

ಮಲೆನಾಡು, ಕರಾವಳಿಯಲ್ಲಿ ಇರುವವರು ಬೆಳ್ಳಿ ಮತ್ತು ಲೇಪದ ಒಡವೆಯ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾಗುವ ಜಾತಿಯದು ತಂದರೆ ತೇವ ಹೀರಿ ಸಾಕಾಯಿತೆಂದು ಅದೇ ತೋರಿಸುತ್ತದೆ. ಮುತ್ತಿನ ಡಬ್ಬಿಗೆ ಇದು ಬೇಡ. ನುಸಿಗುಳಿಗೆಯನ್ನು ಯಾವ ಡಬ್ಬಿಗೂ ಹಾಕಬೇಡಿ, ಅದು ಸೀರೆಯ ಬೀರುವಿನಲ್ಲೂ ದೂರವೇ ಇರಲಿ.

ಲಾಕರಿಗೆ ಹೋಗುವುದಾದರೆ

ಮೂರನೇ ಗುಂಪಿನ ಒಡವೆ ಸಾಮಾನ್ಯವಾಗಿ ಬ್ಯಾಂಕ್ ಲಾಕರಿಗೆ ಹೋಗುತ್ತದೆ. ಅಂಗಡಿಯವರು ಕೊಟ್ಟ ದೊಡ್ಡ ಪೆಟ್ಟಿಗೆಗಳನ್ನು ಅಲ್ಲಿಗೆ ಹೊರಬೇಡಿ, ಎರಡಕ್ಕೇ ಲಾಕರ್ ತುಂಬುತ್ತದೆ. ಮೊದಲು ಲಾಕರಿನ ಒಳಗಿನ ಉದ್ದ, ಅಗಲ, ಎತ್ತರ ಅಳೆದು ಬನ್ನಿ. ಅದಕ್ಕೆ ಹೊಂದುವ, ಒಂದರ ಮೇಲೊಂದು ಕೂರುವ ಚಪ್ಪಟೆ ಡಬ್ಬಿಗಳನ್ನು ಕೊಳ್ಳಿ. ಭಾರದ್ದು ಕೆಳಗೆ, ಟೊಳ್ಳಿನದು ಮೇಲೆ.

ಲಾಕರಿನಲ್ಲಿ ಇಟ್ಟರೆ ಪೂರ್ತಿ ಹಣಕ್ಕೆ ಬ್ಯಾಂಕ್ ಹೊಣೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2022ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಆದರೆ 2 ಲಕ್ಷ. ಎಲ್ಲವನ್ನೂ ಒಂದೇ ಕಡೆ ಇಡುವ ಮುಂಚೆ ಈ ಲೆಕ್ಕ ಹಾಕಿ.

ಇನ್ನು ಇಡುವ ಕೆಲಸ. ಸರದ ಕೊಂಡಿ ಹಾಕಿಯೇ ಇಡಿ, ಆಗ ಎಳೆ ಗಂಟಾಗುವುದು ಕಡಿಮೆ. ತೆಳು ಸರವಾದರೆ ಚಿಕ್ಕ ಜಿಪ್ ಕವರಿಗೆ ಹಾಕಿ ಕೊಂಡಿಯ ತುದಿಯನ್ನು ಹೊರಗೆ ಬಿಟ್ಟು ಮುಚ್ಚಿ, ಗಂಟು ಬೀಳುವುದೇ ಇಲ್ಲ. ಓಲೆಯ ತಿರುಪನ್ನು ಓಲೆಗೇ ತಿರುಗಿಸಿ ಇಡಿ, ಬೇರೆ ಡಬ್ಬಿಗೆ ಹಾಕಬೇಡಿ. ಪ್ರತಿ ಒಡವೆಯನ್ನೂ ಒಂದು ರೂಪಾಯಿ ನಾಣ್ಯದ ಪಕ್ಕ ಇಟ್ಟು ಎರಡೂ ಕಡೆ ಫೋಟೊ ತೆಗೆಯಿರಿ. ತೂಕ ಬರೆಯಿರಿ. ಹೊಸ ಚಿನ್ನವಾದರೆ ಹಾಲ್‌ಮಾರ್ಕಿನ 6 ಅಕ್ಷರ-ಅಂಕಿಗಳ ಗುರುತನ್ನೂ ಬರೆದುಕೊಳ್ಳಿ. ಆ ಪಟ್ಟಿಯನ್ನು ಒಡವೆ ಪೆಟ್ಟಿಗೆಯೊಳಗೆ ಇಡಬೇಡಿ. ಮನೆಪತ್ರದ ಫೈಲಿನಲ್ಲಿ ಇಟ್ಟು, ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ಹೇಳಿ.